ಏರುದಾರಿ ಮತ್ತು ಇಬ್ಬರು ಸ್ಕಾಟರು

ಗೇಟಿನಿಂದ ಮನೆ ಬಾಗಿಲಿಗೆ ಏರುವ ದಾರಿ ಕಿತ್ತುಹೋದರೆ ನಾವೆಲ್ಲ ಬೈಯುವುದು ಗಾಡಿಗಳನ್ನು. ಮರಳಿನ ಲಾರಿ ಬಂತು, ನೀರಿನ ಟ್ಯಾಂಕರ್ ಬಂತು, ಅದಕ್ಕೇ ಹಾಳಾಯ್ತು ಅಂತ. ನಿಜವಾದ ಕಳ್ಳ ನೀರು ಅಂತ ಇನ್ನೂರು ವರ್ಷಗಳ ಹಿಂದೆಯೇ ಹೇಳಿದವನು ಜಾನ್ ಲೌಡನ್ ಮೆಕ್‌ಆಡಮ್. ಕಮ್ಮಿ ದುಡ್ಡಿನಲ್ಲಿ ದಾರಿ ರಿಪೇರಿ ಮಾಡಿಸಬೇಕು ಅನ್ನುವವರೆಲ್ಲ ಅವನ ಕಥೆ ತಿಳಿದಿರಬೇಕು.

ಆ ಕಾಲದ ಬ್ರಿಟನ್ನಿನಲ್ಲಿ ರಸ್ತೆ ಅಂದರೆ ಇಬ್ಬರು ಸ್ಕಾಟ್ಲೆಂಡಿನವರ ಹೆಸರು. 1757ರಲ್ಲಿ ಹುಟ್ಟಿದ ಥಾಮಸ್ ಟೆಲ್ಫರ್ಡ್ ಕಲ್ಲುಕೆಲಸದಿಂದ ಮೇಲೆ ಬಂದ ಎಂಜಿನಿಯರ್. 1815ರ ನಂತರ ಲಂಡನ್–ಹೋಲಿಹೆಡ್ ರಸ್ತೆಗೆ ಸರ್ಕಾರದ ಹಣ ಸಿಕ್ಕಾಗ, ದೊಡ್ಡ ಕಲ್ಲುಗಳನ್ನು ಕೈಯಲ್ಲೇ ಜೋಡಿಸಿ ತಳಪಾಯ ಹಾಕಿಸಿದ. ವೇಲ್ಸ್‌ನ ಬೆಟ್ಟಗಳಲ್ಲಿ ಏರನ್ನೇ ಸುಮಾರು ಇಪ್ಪತ್ತಕ್ಕೆ ಒಂದರಷ್ಟಕ್ಕೆ ತಗ್ಗಿಸಿದ. ಕೆಲಸ ಅದ್ಭುತ, ಖರ್ಚೂ ಅಷ್ಟೇ ಅದ್ಭುತ :)

ಅವನಿಗಿಂತ ಒಂದು ವರ್ಷ ದೊಡ್ಡವನಾದ ಮೆಕ್‌ಆಡಮ್ 1816ರಲ್ಲಿ ಬ್ರಿಸ್ಟಲ್‌ನ ಸುಂಕದ ರಸ್ತೆಗಳ ಮೇಲ್ವಿಚಾರಕನಾದ. ಅವನ ವಾದ ಸರಳ. ಭಾರ ಹೊರುವುದು ಕೆಳಗಿನ ಮಣ್ಣು. ಮಣ್ಣು ಒಣಗಿದ್ದರೆ ಎಂಥ ಭಾರವನ್ನೂ ತಾಳುತ್ತದೆ. ಹಾಗಾಗಿ ರಸ್ತೆ ಮಾಡಬೇಕಾದ ಕೆಲಸ ಮಣ್ಣಿಗೆ ಕೊಡೆ ಹಿಡಿಯುವುದಷ್ಟೇ! ದುಬಾರಿ ತಳಪಾಯ ಬೇಡ ಅಂದ. ಹಳೆಯ ರಸ್ತೆಯ ಕಲ್ಲನ್ನೇ ಅಗೆದು, ಒಡೆದು, ಮತ್ತೆ ಹಾಸಿಸಿದ. ಯಾವ ಕಲ್ಲೂ ಆರು ಔನ್ಸ್, ಅಂದರೆ ಸುಮಾರು 170 ಗ್ರಾಂ ಮೀರಬಾರದು. ಸಣ್ಣ ಕಲ್ಲುಗಳು ಕಬ್ಬಿಣದ ಗಾಲಿಯ ಕೆಳಗೆ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಮೂವತ್ತು ಅಡಿ ಅಗಲದ ರಸ್ತೆಯ ನಡುವೆ ಮೂರೇ ಇಂಚು ಉಬ್ಬು, ನೀರು ಪಕ್ಕಕ್ಕೆ ಜಾರಿ ಚರಂಡಿಗೆ ಹೋಗಲು.

ಆ ಕಲ್ಲು ಒಡೆದವರು ಯಾರು ಗೊತ್ತಾ? ಹೆಚ್ಚಾಗಿ ಹೆಂಗಸರು, ಮಕ್ಕಳು, ಬೇರೆ ಕೆಲಸ ಮಾಡಲಾಗದ ಮುದುಕರು. ಕೂತಲ್ಲೇ, ಸಣ್ಣ ಸುತ್ತಿಗೆ ಹಿಡಿದು. ಅಗ್ಗದ ರಸ್ತೆಯ ಲೆಕ್ಕದಲ್ಲಿ ಅವರ ಬೆನ್ನುನೋವು ಸೇರಿರಲಿಲ್ಲ.

ಕಾರುಗಳು ಬಂದಾಗ ಆಟ ಬದಲಾಯಿತು. ರಬ್ಬರ್ ಟೈರು ಕಲ್ಲುಗಳ ನಡುವಿನ ಪುಡಿಯನ್ನು ಎಬ್ಬಿಸಿಬಿಡುತ್ತಿತ್ತು. 1901ರಲ್ಲಿ ಎಡ್ಗರ್ ಪರ್ನೆಲ್ ಹೂಲಿ ಎಂಬ ವೇಲ್ಸ್ ಮೂಲದ ಸರ್ವೇಯರ್, ಕಬ್ಬಿಣದ ಕಾರ್ಖಾನೆಯೊಂದರ ಹತ್ತಿರ ಚೆಲ್ಲಿದ ಟಾರಿನ ಮೇಲೆ ಕಿಟ್ಟ ಸುರಿದಿದ್ದ ಜಾಗ ಧೂಳಿಲ್ಲದೆ ಗಟ್ಟಿಯಾಗಿದ್ದನ್ನು ಗಮನಿಸಿದ. 1902ರಲ್ಲಿ ಪೇಟೆಂಟ್ ಪಡೆದ. ಟಾರ್‌ಮ್ಯಾಕ್ ಎಂಬ ಹೆಸರಿನ ಕೊನೆಯಲ್ಲಿ ಕೂತಿರುವುದು ನಮ್ಮ ಮೆಕ್‌ಆಡಮ್ಮೇ.

ಆದರೆ ಕಡಿದಾದ ಏರಿನ ಲೆಕ್ಕವೇ ಬೇರೆ. ಅಲ್ಲಿ ನಡುವೆ ಉಬ್ಬಿದ್ದರೂ ನೀರು ಪಕ್ಕಕ್ಕಿಂತ ಉದ್ದಕ್ಕೇ ಓಡುತ್ತದೆ, ಬಿಡಿ ಜಲ್ಲಿಯನ್ನೂ ಎಳೆದೊಯ್ಯುತ್ತದೆ. ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿರುವ ಬಾಲ್ಡ್ವಿನ್ ಸ್ಟ್ರೀಟ್ ಪ್ರಪಂಚದ ಅತಿ ಕಡಿದಾದ ಬೀದಿ ಅಂತ ಹೆಸರಾದದ್ದು. ಅದರ ಮೇಲಿನ ಭಾಗಕ್ಕೆ ಹಾಕಿರುವುದು ಕಾಂಕ್ರೀಟು, ಬಿಸಿಲಿಗೆ ಡಾಂಬರು ಕೆಳಗೆ ಹರಿದೀತು ಅಂತ.

ಇಷ್ಟೆಲ್ಲ ಓದಿಕೊಂಡಿದ್ದಕ್ಕೆ ಕಾರಣ ನಮ್ಮ ಊರಿನ ಮನೆ ಮುಂದಿನ ಏರು. ಅಜ್ಜಿ ಕೋಲೂರಿಕೊಂಡು ಇಳಿಯುವ ದಾರಿ ಅದು, ಮಳೆಗಾಲ ಹತ್ತಿರ ಬರುತ್ತಿದೆ. ಪೂರ್ತಿ ಕಾಂಕ್ರೀಟಿಗೆ ಮೇಸ್ತ್ರಿ ಹೇಳಿದ ಮೊತ್ತ ನಮ್ಮ ಕೈಗೆ ಎಟುಕುವಂಥದ್ದಲ್ಲ. ಟೆಲ್ಫರ್ಡ್ ಹಾಗೆ ಏರನ್ನೇ ತಗ್ಗಿಸೋಣ ಅಂದರೆ ಅಷ್ಟು ಜಾಗವೂ ಇಲ್ಲ. ಹಾಗಾಗಿ ನಾನು ಮೆಕ್‌ಆಡಮ್ ಪಾರ್ಟಿ. ಮೊದಲ ದುಡ್ಡು ಮೇಲ್ಭಾಗದ ಚರಂಡಿಗೆ ಮತ್ತು ದಾರಿಗೆ ಅಡ್ಡವಾಗಿ ನೀರು ಹೊರಹಾಕುವ ಕಾಲುವೆಗೆ. ಗಟ್ಟಿಯಿರುವ ಹಳೇ ಜಲ್ಲಿ ತಳಕ್ಕೆ ಕೈ ಹಚ್ಚುವುದಿಲ್ಲ. ಗಾಲಿ ಓಡುವಲ್ಲಿ ಮಾತ್ರ ಎರಡೆರಡು ಅಡಿಯ ಎರಡು ಕಾಂಕ್ರೀಟ್ ಪಟ್ಟಿ, ಕಾಲು ಜಾರದ ಹಾಗೆ ಅಡ್ಡಗೀರು. ಹತ್ತು ಅಡಿ ಅಗಲದ ದಾರಿಗೆ ನಾಲ್ಕೇ ಅಡಿ ಕಾಂಕ್ರೀಟು ಸಾಕು, ಉಳಿದದ್ದರಲ್ಲಿ ಹುಲ್ಲು ಬೆಳೆಯಲಿ ಬಿಡಿ.

ಚರಂಡಿ ತೋಡಿಸಿದರೆ ನೋಡಿದವರು ಯಾರೂ ಹೊಗಳುವುದಿಲ್ಲ. ದಾರಿ ಉಳಿಯುವುದು ಮಾತ್ರ ಅದರಿಂದಲೇ. ಏನಂತೀರಿ?