ಭರಣಿ ಮಳೆಗೆ ಎರಡು ಮುಖ

ಕೆಲವು ವರ್ಷಗಳ ಹಿಂದೆ, ಏಪ್ರಿಲ್ ಕೊನೆಯ ಸಂಜೆ, ಬೆಂಗಳೂರಿನ ಆಫೀಸಿನಲ್ಲಿದ್ದಾಗ ಎರಡು ಫೋನ್ ಬಂದವು. ಸಿಂಧನೂರಿನಿಂದ ಕಾಕಾ: "ಆಣೆಕಲ್ಲು ಬಿದ್ದು ನೆಲ್ಲೆಲ್ಲಾ ಉದುರಿ ಹೋತಪಾ." ಲಿಂಗಸುಗೂರಿನಿಂದ ಮಾವ: "ಛಲೋ ಮಳಿ ಆತು ನೋಡು, ಹೊಲ ಹಸಿ ಆತು."

ಮೋಡ ಒಂದೇ, ಮಾತು ಎರಡು! ಯಾಕೆ ಅಂತ ಯೋಚಿಸುತ್ತಾ ಇತಿಹಾಸಕ್ಕೆ ಇಳಿದೆ.

1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಇಂಜಿನಿಯರ್ ಬೀಡನ್‌ಗೆ ಮಸ್ಕಿಯಲ್ಲಿ ಅಶೋಕನ ಶಾಸನ ಸಿಕ್ಕಿತಲ್ಲ, ಆಗ ಇದು ನಿಜಾಮರ ಸೀಮೆ. ಸುತ್ತಲಿನ ಎರೆಹೊಲಗಳು ಮಳೆಯನ್ನೇ ನಂಬಿದ್ದವು. ಹಿಂಗಾರಿ ಜೋಳದ ರಾಶಿ ಮುಗಿದ ಮೇಲೆ ಬೇಸಿಗೆಯಲ್ಲಿ ಹೊಲ ಖಾಲಿ. ಆಗ ಬಿದ್ದ ಹನಿಯೆಲ್ಲ ಲಾಭವೇ. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಅನ್ನುವ ಗಾದೆ ಇಂಥ ಹೊಲಗಳದ್ದು.

1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಹರಿಯಿತು. ಮಲೆನಾಡಿನ ಮಳೆ ಎಡದಂಡೆ ಕಾಲುವೆಯಲ್ಲಿ ಸಿಂಧನೂರು ಮುಟ್ಟಿತು. ಜೋಳದ ಜಾಗಕ್ಕೆ ಭತ್ತ ಬಂತು, ಆಮೇಲೆ ಎರಡನೇ ಬೆಳೆಯೂ ಬಂತು. ಅದರ ಕೊಯ್ಲು ಸರಿಯಾಗಿ ಏಪ್ರಿಲ್-ಮೇ, ಅಂದರೆ ಭರಣಿ ಹೊತ್ತಿಗೇ!

ಹಿಮಾಲಯದಲ್ಲಿ ವಸಂತದ ಬಿರುಗಾಳಿ ಹಿಮ ಸುರಿಸುತ್ತದೆ. ನಮ್ಮಲ್ಲಿ ಕಾದ ನೆಲದ ಗಾಳಿ ಮೇಲೇರಿ, ಹನಿ ಹೆಪ್ಪುಗಟ್ಟಿ ಆಣೆಕಲ್ಲಾಗುತ್ತದೆ. ಮಾಗಿದ ತೆನೆಗೆ ಹತ್ತು ನಿಮಿಷ ಸಾಕು.

ಕಾಲುವೆ ಮುಟ್ಟದ ಊರುಗಳ ಕಥೆಯೇ ಬೇರೆ. 2020-21ರಲ್ಲಿ ಮಸ್ಕಿ ಸೀಮೆಯ ರೈತರು 5ಎ ಕಾಲುವೆಗಾಗಿ ತಿಂಗಳುಗಟ್ಟಲೆ ಧರಣಿ ಕೂತರು. ಅಲ್ಲಿ ಹಳೇ ಗಾದೆ ಇನ್ನೂ ನಿಜ.

ಕಾಕಾ ಈಗಲೂ ಮಲೆನಾಡಿನಲ್ಲಿ ಮಳೆಯಾಗಲಿ ಅಂತ ಬೇಡಿಕೊಳ್ಳುತ್ತಾರೆ. ತಮ್ಮೂರ ಮೇಲೆ ಮೋಡ ಕಂಡರೆ ಮಾತ್ರ ತಾಡಪತ್ರಿ ಹುಡುಕುತ್ತಾರೆ. ನಿಮ್ಮೂರಲ್ಲಿ ಭರಣಿ ಹೇಗೆ?