ಮಾಡಹಾಗಲದ ಬೇಸಾಯ: ಗಂಡು ಬಳ್ಳಿ ಮತ್ತು ಹೂ ಅರಳುವ ಹೊತ್ತು

ಮಾಡಹಾಗಲದ ಇಳುವರಿಯನ್ನು ಗೊಬ್ಬರಕ್ಕಿಂತ ಮೊದಲು ಹೂವು ನಿರ್ಧರಿಸುತ್ತದೆ ಎಂಬುದು ಈ ಲೇಖನದ ವಾದ. ಹೀರೆ, ಸೋರೆ, ಹಾಗಲಗಳಲ್ಲಿ ಒಂದೇ ಬಳ್ಳಿ ಗಂಡು ಹೂವನ್ನೂ ಹೆಣ್ಣು ಹೂವನ್ನೂ ಬಿಡುತ್ತದೆ. ಮಾಡಹಾಗಲದಲ್ಲಿ (ಮೊಮೊರ್ಡಿಕಾ ಡಯೋಯಿಕಾ) ಗಂಡು ಬಳ್ಳಿಯೇ ಬೇರೆ, ಹೆಣ್ಣು ಬಳ್ಳಿಯೇ ಬೇರೆ. ಬೀಜ ಹಾಕಿದವರಿಗೆ ಹೂ ಬಿಡುವ ತನಕ ಯಾವುದು ಯಾವುದೆಂದು ತಿಳಿಯದು. ಬೀಜ ಮೊಳೆಯುವುದೂ ನಿಧಾನ. ಗೆಡ್ಡೆ ನೆಡುವ ರೂಢಿ ಬಂದದ್ದು ಹೀಗೆ. ಮಳೆಗಾಲ ಕಳೆದು ಬಳ್ಳಿ ಒಣಗಿದರೂ ನೆಲದೊಳಗೆ ಗೆಡ್ಡೆ ಬದುಕಿದ್ದು ಮುಂಗಾರಿಗೆ ಚಿಗುರುತ್ತದೆ, ತಾಯಿ ಬಳ್ಳಿ ಹೆಣ್ಣಾಗಿದ್ದರೆ ಅದೂ ಹೆಣ್ಣೇ. ಆದರೆ ಬರೀ ಗೆಡ್ಡೆ ನೋಡಿ ಲಿಂಗ ಹೇಳಲಾಗದು. ಹೂವಿರುವಾಗಲೇ ಬಳ್ಳಿಗೆ ಗುರುತು ಕಟ್ಟಿಡಬೇಕು.

ಹೂವಿನಲ್ಲಿ ಗುರುತು ಸ್ಪಷ್ಟ. ಗಂಡು ಮೊಗ್ಗನ್ನು ಅಗಲವಾದ ಹಸಿರು ಪುಷ್ಪಪತ್ರವೊಂದು ಗೊರಬಿನಂತೆ ಮುಚ್ಚಿರುತ್ತದೆ. ಹೆಣ್ಣು ಹೂವಿನ ಬುಡದಲ್ಲಿ ಮೃದುಮುಳ್ಳುಗಳ ಪುಟ್ಟ ಹೀಚು ಆಗಲೇ ಕಾಣುತ್ತದೆ. ಕಾಯಿ ಬಿಡದ ಬಳ್ಳಿ ದಂಡವೆಂದು ಗಂಡನ್ನು ಕಿತ್ತೆಸೆಯುವವರಿದ್ದಾರೆ. ಕಾಡಂಚಿನ ಹಿತ್ತಲಿನಲ್ಲಿ ಇದರ ನಷ್ಟ ತಿಳಿಯದೆ ಹೋಗಬಹುದು, ಬೇಲಿಯಾಚೆಯ ಗಂಡು ಬಳ್ಳಿ ಕೆಲಸ ನಡೆಸುತ್ತಿರುತ್ತದೆ. ಬಯಲಿನ ತೋಟದಲ್ಲಾದರೆ ಹೀಚು ಹಳದಿಗಟ್ಟಿ ಉದುರುತ್ತದೆ. ಎಂಟು-ಹತ್ತು ಹೆಣ್ಣಿಗೆ ಒಂದು ಗಂಡು ಇರಲಿ ಎಂಬುದು ಸಾಮಾನ್ಯ ಶಿಫಾರಸು.

ಸಂಖ್ಯೆ ಸರಿಯಿದ್ದರೂ ಹೊತ್ತು ಕೂಡಿಬರಬೇಕು. ಡಯೋಯಿಕಾ ಅರಳುವುದು ಮುಸ್ಸಂಜೆಗೆ. ಪರಾಗ ಸಾಗಿಸುವ ಕೆಲಸ ಪತಂಗಗಳದ್ದು. ಪಶ್ಚಿಮ ಘಟ್ಟದ ಇನ್ನೊಂದು ಕಾಡುಹಾಗಲವಾದ ಮೊಮೊರ್ಡಿಕಾ ಸಹ್ಯಾದ್ರಿಕಾ 2007ರಲ್ಲಷ್ಟೇ ಪ್ರತ್ಯೇಕ ಪ್ರಭೇದವೆಂದು ವರ್ಣಿತವಾಯಿತು. ಅದರ ಹೂವು ದೊಡ್ಡದು, ಅರಳುವುದು ಬೆಳಿಗ್ಗೆ. ಕಾಡಿನಿಂದ ಗೆಡ್ಡೆ ತರುವವರು ಎರಡನ್ನೂ ಬೆರಕೆ ಮಾಡಿ, ಒಂದರ ಗಂಡನ್ನು ಇನ್ನೊಂದರ ಹೆಣ್ಣಿನ ಪಕ್ಕ ನೆಟ್ಟರೆ ಎಷ್ಟು ಗೊಬ್ಬರ ಸುರಿದು ಏನು ಫಲ?

ಕೊಡಗಿನ ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದಿಂದ ಪ್ರಚಾರಕ್ಕೆ ಬಂದ 'ಅರ್ಕಾ ಭಾರತ್' ತಳಿ ಈ ಎರಡು ಪ್ರಭೇದಗಳಿಗೂ ಸೇರಿದ್ದಲ್ಲ. ಅದು ಈಶಾನ್ಯ ಭಾರತದಲ್ಲಿ ಹೆಚ್ಚಾಗಿ ಬೆಳೆಯುವ ಮೊಮೊರ್ಡಿಕಾ ಸಬ್‌ಆಂಗುಲೇಟಾ ಪ್ರಭೇದದ್ದು. ಕಾಯಿ ದಪ್ಪ, ಹೂವಿನೊಳಗೆ ಕಪ್ಪು ಮಚ್ಚೆ. ಇಲ್ಲಿನ ಕೀಟಗಳನ್ನು ನಂಬಿ ಕೂರುವಂತಿಲ್ಲವಾದ್ದರಿಂದ ಬೆಳಿಗ್ಗೆ ಗಂಡು ಹೂ ಕೊಯ್ದು, ಎಸಳು ಬಿಡಿಸಿ, ಕೇಸರವನ್ನು ಹೆಣ್ಣು ಹೂವಿನ ಶಲಾಕಾಗ್ರಕ್ಕೆ ಕೈಯಿಂದಲೇ ಸವರಬೇಕು. ಹೂ ಬಿಡುವಷ್ಟು ದಿನವೂ ಈ ಕೆಲಸ ತಪ್ಪದು. ಹಿತ್ತಲಿನ ನಾಲ್ಕು ಬಳ್ಳಿಗೆ ಇದು ಹೊರೆಯಲ್ಲ; ಎಕರೆಗಟ್ಟಲೆ ಹಾಕುವವರು ಮಾತ್ರ ಆ ಕೂಲಿಯನ್ನು ಚಪ್ಪರದ ಖರ್ಚಿಗಿಂತ ಮೊದಲು ಲೆಕ್ಕಕ್ಕೆ ಬರೆದುಕೊಳ್ಳಬೇಕು.