ವೃದ್ಧಾಶ್ರಮ ನಿವಾಸಿಗಳ ಹಕ್ಕುರಕ್ಷಣೆ ಮತ್ತು ದೂರು ವ್ಯವಸ್ಥೆ

ವೃದ್ಧಾಶ್ರಮಗಳಲ್ಲಿ ಹಾಗೂ ದೀರ್ಘಕಾಲದ ಆರೈಕೆ ಕೇಂದ್ರಗಳಲ್ಲಿ ನೆಲೆಸಿರುವ ಹಿರಿಯರಿಗೆ ಅವರ ಹಕ್ಕುಗಳನ್ನು ತಿಳಿಸಿಕೊಟ್ಟು, ಊಟ, ಔಷಧ, ಶುಚಿತ್ವ, ಹಣಕಾಸು, ಸಿಬ್ಬಂದಿಯ ವರ್ತನೆ ಮೊದಲಾದವುಗಳ ಬಗ್ಗೆ ಅವರಿಗಿರುವ ಅಹವಾಲನ್ನು ಸಂಬಂಧಪಟ್ಟ ಅಧಿಕಾರಿಗಳ ಮುಂದಿಡಲು ನೆರವಾಗುವ ವ್ಯವಸ್ಥೆ. ಭಾರತದ ಕಾನೂನು ಹಿರಿಯರ ಪೋಷಣೆಯನ್ನು ಮೊದಲಿಗೆ ಮಕ್ಕಳ ಹೊಣೆಯೆಂದು ಪರಿಗಣಿಸಿದ್ದರಿಂದ, ಮಕ್ಕಳ ವಿರುದ್ಧ ದೂರು ಸಲ್ಲಿಸುವ ಮಾರ್ಗ ಇಲ್ಲಿ ಸ್ಪಷ್ಟವಾಗಿ ರೂಪುಗೊಂಡಿದೆಯಾದರೂ, ಆಶ್ರಮದ ಆಡಳಿತದ ವಿರುದ್ಧದ ದೂರಿಗೆ ಹಲವು ಕಾನೂನುಗಳ ಆಸರೆ ಹುಡುಕಬೇಕಾಗುತ್ತದೆ.

ಹಿನ್ನೆಲೆ: ಅಮೆರಿಕದಲ್ಲಿ ಆರೈಕೆ ಕೇಂದ್ರಗಳ ನಿವಾಸಿಗಳ ಪರವಾಗಿ ದೂರು ಆಲಿಸುವ ಒಂಬುಡ್ಸ್‌ಮನ್ ಪದ್ಧತಿ 1972ರಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ, 1978ರಲ್ಲಿ ಎಲ್ಲ ರಾಜ್ಯಗಳಿಗೂ ಕಡ್ಡಾಯವಾಯಿತು. 1987ರ ಸುಧಾರಣಾ ಕಾನೂನು ಪ್ರತೀಕಾರದ ಭಯವಿಲ್ಲದೆ ದೂರು ಹೇಳಿಕೊಳ್ಳುವುದನ್ನು ನಿವಾಸಿಯ ಹಕ್ಕೆಂದು ಮಾನ್ಯಮಾಡಿತು. ವಿಶ್ವಸಂಸ್ಥೆ 1991ರಲ್ಲಿ ಅಂಗೀಕರಿಸಿದ ಹಿರಿಯರ ಕುರಿತ ತತ್ತ್ವಗಳು, ಆಶ್ರಯ ಅಥವಾ ಚಿಕಿತ್ಸೆ ನೀಡುವ ಯಾವುದೇ ಸಂಸ್ಥೆಯಲ್ಲಿರುವಾಗಲೂ ಹಿರಿಯರ ಘನತೆ, ಖಾಸಗಿತನ ಹಾಗೂ ತಮ್ಮ ಆರೈಕೆಯ ಬಗ್ಗೆ ತಾವೇ ನಿರ್ಧರಿಸುವ ಹಕ್ಕು ಉಳಿಯಬೇಕೆಂದು ಸಾರಿದವು.

ಭಾರತದಲ್ಲಿ ಬೆಳವಣಿಗೆ: ಸಂವಿಧಾನದ 41ನೆಯ ಅನುಚ್ಛೇದ ಮುಪ್ಪಿನಲ್ಲಿ ಸಾರ್ವಜನಿಕ ನೆರವಿನ ಆಶಯವನ್ನು ವ್ಯಕ್ತಪಡಿಸಿದರೆ, 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಂ ತಂದೆತಾಯಿಗಳು ನ್ಯಾಯಾಲಯದ ಮೂಲಕ ಜೀವನಾಂಶ ಕೇಳಲು ಅವಕಾಶ ಕೊಟ್ಟಿತು. 1999ರಲ್ಲಿ ರಾಷ್ಟ್ರೀಯ ಹಿರಿಯರ ನೀತಿ ಪ್ರಕಟವಾದ ಮೇಲೆ, 2007ರಲ್ಲಿ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಅಧಿನಿಯಮ ರೂಪುಗೊಂಡಿತು. ಅದರ 19ನೆಯ ಕಲಂ ಪ್ರತಿ ಜಿಲ್ಲೆಯಲ್ಲೂ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಆಶ್ರಯ ನೀಡಬಲ್ಲ ವೃದ್ಧಾಶ್ರಮವನ್ನು ಸರ್ಕಾರ ಸ್ಥಾಪಿಸಬಹುದೆಂದು ಹೇಳುತ್ತದೆ. ಇಂತಹ ಆಶ್ರಮಗಳ ಗುಣಮಟ್ಟ ನಿಗದಿಪಡಿಸುವ ಕೆಲಸವನ್ನು ರಾಜ್ಯಗಳಿಗೆ ಬಿಡಲಾಗಿದೆ. 2018ರ ಡಿಸೆಂಬರ್‌ನಲ್ಲಿ ಹಿರಿಯರ ಹಕ್ಕುಗಳ ಕುರಿತ ಅಶ್ವನಿ ಕುಮಾರ್ ಪ್ರಕರಣದ ತೀರ್ಪು ನೀಡಿದ ಸುಪ್ರೀಂ ಕೋರ್ಟ್, ಪ್ರತಿ ಜಿಲ್ಲೆಯ ವೃದ್ಧಾಶ್ರಮಗಳ ಸಂಖ್ಯೆಯನ್ನು ರಾಜ್ಯಗಳಿಂದ ತರಿಸಿಕೊಳ್ಳುವಂತೆ ಕೇಂದ್ರಕ್ಕೆ ಸೂಚಿಸಿತು.

ಕರ್ನಾಟಕದಲ್ಲಿ: ರಾಜ್ಯದಲ್ಲಿ ನೆರವಿನ ಕೆಲಸ 2007ರ ಅಧಿನಿಯಮಕ್ಕಿಂತ ಮೊದಲೇ ಶುರುವಾಗಿತ್ತು. ಬೆಂಗಳೂರು ನಗರ ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಸೇರಿ 2002ರಲ್ಲಿ ಆರಂಭಿಸಿದ 1090 ಸಹಾಯವಾಣಿ, ಫೋನಿನಲ್ಲಿ ಬಂದ ದೂರನ್ನು ಆಪ್ತಸಮಾಲೋಚನೆ ಮತ್ತು ಪೊಲೀಸ್ ನೆರವಿನೊಂದಿಗೆ ಜೋಡಿಸಿತು. ಅಧಿನಿಯಮಕ್ಕೆ ರಾಜ್ಯದ ನಿಯಮಗಳು 2009ರಲ್ಲಿ ರೂಪುಗೊಂಡವು. 2021ರಿಂದ ದೇಶಾದ್ಯಂತ 14567 ಸಂಖ್ಯೆಯ ಎಲ್ಡರ್‌ಲೈನ್ ಸಹಾಯವಾಣಿ ಕೆಲಸ ಮಾಡುತ್ತಿದೆ. ಜಿಲ್ಲಾ ಮಟ್ಟದಲ್ಲಿ ಹಿರಿಯರ ಕಲ್ಯಾಣದ ವಿಷಯ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗೆ ಸೇರುತ್ತದೆ.

ದೂರಿನ ದಾರಿ: ಕಾರಟಗಿ ತಾಲ್ಲೂಕಿಗೆ ಒಳಪಟ್ಟ ಸಿದ್ದಾಪುರದಂತಹ ಊರಿನ ಹಿರಿಯರು ಮಕ್ಕಳಿಂದ ಜೀವನಾಂಶ ಕೋರುವ ಅರ್ಜಿಯನ್ನು ಕೊಪ್ಪಳದ ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯಲ್ಲಿ 2007ರ ಅಧಿನಿಯಮದಡಿ ರಚಿತವಾದ ನ್ಯಾಯಮಂಡಳಿಗೆ ಸಲ್ಲಿಸಬೇಕಾಗುತ್ತದೆ. ಅರ್ಜಿದಾರರು ಅಶಕ್ತರಾಗಿದ್ದರೆ ಅವರು ಒಪ್ಪಿಗೆ ಕೊಟ್ಟ ವ್ಯಕ್ತಿಯಾಗಲಿ ಸಂಸ್ಥೆಯಾಗಲಿ ಅರ್ಜಿ ಹಾಕಬಹುದು. ನ್ಯಾಯಮಂಡಳಿ ಸ್ವಯಂಪ್ರೇರಿತವಾಗಿಯೂ ವಿಚಾರಣೆಗೆ ಎತ್ತಿಕೊಳ್ಳಬಹುದು. ವಿಚಾರಣೆಗೆ ಮುನ್ನ ಅರ್ಜಿಯನ್ನು ಸಂಧಾನಾಧಿಕಾರಿಗೆ, ಅಂದರೆ ಉಭಯಪಕ್ಷಗಳನ್ನು ಕೂರಿಸಿ ರಾಜಿಗೆ ಯತ್ನಿಸುವವರಿಗೆ, ಒಪ್ಪಿಸಬಹುದಾಗಿದ್ದು, ಅವರು ಒಂದು ತಿಂಗಳೊಳಗೆ ವರದಿ ಕೊಡಬೇಕು. ಮಧ್ಯಂತರ ಜೀವನಾಂಶದ ಅರ್ಜಿ 90 ದಿನಗಳಲ್ಲಿ ಇತ್ಯರ್ಥವಾಗಬೇಕೆಂಬುದು ನಿಯಮ. ಮೇಲ್ಮನವಿ ಜಿಲ್ಲಾಧಿಕಾರಿಯ ಮುಂದೆ ಹೋಗುತ್ತದೆ. ಅಧಿನಿಯಮದ 17ನೆಯ ಕಲಂ ವಕೀಲರ ಪ್ರಾತಿನಿಧ್ಯವನ್ನು ನಿಷೇಧಿಸಿದ್ದರಿಂದ, ಪಾಲಕರು ಬಯಸಿದಲ್ಲಿ ಅವರ ಪರವಾಗಿ ಜಿಲ್ಲಾ ಮಟ್ಟದ ಪೋಷಣಾ ಅಧಿಕಾರಿ ವಾದ ಮಂಡಿಸಬೇಕೆಂದು 18ನೆಯ ಕಲಂ ವಿಧಿಸಿದೆ. ಅಮೆರಿಕದ ಒಂಬುಡ್ಸ್‌ಮನ್‌ಗೆ ಭಾರತದಲ್ಲಿ ಅತಿ ಸಮೀಪದ ಹುದ್ದೆಯೆಂದರೆ ಇದೇ ಆದರೂ, ಆಶ್ರಮಗಳಿಗೆ ಭೇಟಿ ಕೊಟ್ಟು ನಿವಾಸಿಗಳ ಅಹವಾಲು ಕೇಳುವ ಕರ್ತವ್ಯವನ್ನು ಆ ಕಲಂ ವಹಿಸಿಲ್ಲ.

ಆಶ್ರಮದ ವಿರುದ್ಧದ ದೂರು: ಶುಲ್ಕ ಕೊಟ್ಟು ಇರುವ ನಿವಾಸಿ, ಸೇವಾಲೋಪದ ಆಧಾರದ ಮೇಲೆ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಆದರೆ ಉಚಿತ ಸೇವೆ ಆ ಅಧಿನಿಯಮದ ವ್ಯಾಪ್ತಿಗೆ ಬಾರದ ಕಾರಣ, ಧರ್ಮಾರ್ಥ ಆಶ್ರಮಗಳಲ್ಲಿರುವ ಬಡ ಹಿರಿಯರಿಗೆ ಈ ಬಾಗಿಲು ಮುಚ್ಚಿರುತ್ತದೆ. ಅಂಥವರಿಗೆ ಜಿಲ್ಲಾಡಳಿತ, ಪೊಲೀಸ್ ಠಾಣೆ, ರಾಜ್ಯ ಮಾನವ ಹಕ್ಕುಗಳ ಆಯೋಗ ಮತ್ತು ಕಾನೂನು ಸೇವಾ ಪ್ರಾಧಿಕಾರಗಳೇ ಆಸರೆ. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2016ರಲ್ಲಿ ಹಿರಿಯ ನಾಗರಿಕರಿಗಾಗಿಯೇ ಪ್ರತ್ಯೇಕ ಯೋಜನೆ ರೂಪಿಸಿದೆ. ಎಲ್ಲ ವೃದ್ಧಾಶ್ರಮಗಳ ನೋಂದಣಿಯನ್ನೂ ಕನಿಷ್ಠ ಗುಣಮಟ್ಟವನ್ನೂ ಕಡ್ಡಾಯಗೊಳಿಸಲೆಂದು 2019ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮಂಡಿಸಿದ ತಿದ್ದುಪಡಿ ಮಸೂದೆ ಸ್ಥಾಯಿ ಸಮಿತಿಯ ಪರಿಶೀಲನೆಗೆ ಒಳಗಾದರೂ ಅಂಗೀಕಾರವಾಗದೆ, 2024ರಲ್ಲಿ ಆ ಲೋಕಸಭೆಯ ವಿಸರ್ಜನೆಯೊಂದಿಗೆ ಬಿದ್ದುಹೋಯಿತು.